ಮಧುಗಿರಿ ಇನ್ನೂ ಓಡುತ್ತಿದೆ

ಇರುವೆ, ಎಪ್ಪತ್ತೊಂದರ ಮೇಲೆಯೇ ಬಂದು ಕೂತಿದೆ ಹಾಳಾದ್ದು, ಊದಿದರೂ ಹೋಗದು, ಬೆರಳಲ್ಲಿ ಸರಿಸಿದರೆ ಪರದೆಯ ಅಂಚಿನವರೆಗೆ ಓಡಿ ಮತ್ತೆ ಅಂಕಿಯ ಹತ್ತಿರಕ್ಕೇ, ಅದಕ್ಕೂ ಆತುರ ಇರಬೇಕು ಮಧುಗಿರಿ ಎಷ್ಟು ಮುಗಿಯಿತು ಅಂತ, ನೋಡು ತಾಯಿ ನೋಡು, ನೂರಕ್ಕೆ ಎಪ್ಪತ್ತೊಂದು — ಶಿರಾ ಬೆಳಿಗ್ಗೆಯೇ ಏರಿಕೊಂಡಿತು, ಕೊರಟಗೆರೆ ನಾನು ಉಪ್ಪಿಟ್ಟು ತಿಂದು ಕೈ ತೊಳೆಯುವಷ್ಟರಲ್ಲಿ, ಪಾವಗಡ ಸ್ವಲ್ಪ ಸತಾಯಿಸಿ ಊಟದ ಹೊತ್ತಿಗೆ, ಉಳಿದದ್ದು ಮಧುಗಿರಿ ಒಂದೇ, ನನ್ನ ಮಧುಗಿರಿ, ನಾಳೆ ನಾನು ಮದುವೆಯಾಗಬೇಕಾದ ಮಧುಗಿರಿ. ನಗು ಬರುತ್ತದೆ, ಬರಲಿ, ಒಬ್ಬಳೇ ಕೂತು ನಕ್ಕರೆ ಅಮ್ಮ ಅಡಿಗೆಮನೆಯಿಂದ ಇಣುಕಿ ಇವಳಿಗೇನು ಹುಚ್ಚು ಹಿಡಿಯಿತೋ ಅನ್ನುವ ಹಾಗೆ ನೋಡುತ್ತಾಳೆ ಅಷ್ಟೆ, ಬರಗೂರಿನ ಈ ನಡುಮನೆಯಲ್ಲಿ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದೇನೆ, ತೊಡೆಯ ಮೇಲೆ ಲ್ಯಾಪ್‌ಟಾಪು, ಅತ್ತ ಬೆಂಗಳೂರಿನ ಯಾವುದೋ ತಂಪು ಕೋಣೆಯ ಸರ್ವರಿನ ಹೊಟ್ಟೆಯೊಳಗೆ ನಾಲ್ಕು ತಾಲ್ಲೂಕಿನ ಜನ ಮನೆ ಬದಲಾಯಿಸುತ್ತಿದ್ದಾರೆ, ಜಮೀನು ಮಾರಿದವರು, ಕೊಂಡವರು, ಅಣ್ಣತಮ್ಮಂದಿರು ಕಚ್ಚಾಡಿ ಪಾಲು ಮಾಡಿಕೊಂಡವರು, ಮದುವೆ ಬರೆಸಿದವರು, ಎಲ್ಲರೂ ನೋಂದಣಿ ಕಚೇರಿಗಳ ಹಳೇ ಡೇಟಾಬೇಸಿನಿಂದ ಹೊಸದಕ್ಕೆ, ನಡೀರಿ ನಡೀರಿ, ನೂಕಾಡಬೇಡಿ, ಎಲ್ಲರಿಗೂ ಜಾಗ ಇದೆ. ಹಳೆಯದು ನಾನು ಹೈಸ್ಕೂಲಿನಲ್ಲಿದ್ದಾಗ ಕಟ್ಟಿದ್ದು, ಹೆಸರುಗಳೆಲ್ಲ ಯಾವ ಕಾಲದ್ದೋ ಫಾಂಟಿನಲ್ಲಿ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ದಾಸಯ್ಯನೂ ನರಸಮ್ಮನೂ ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಂದ ಹಾಗೆ ಕಾಣುತ್ತಿದ್ದರು, ಅವರನ್ನೆಲ್ಲ ಒಬ್ಬೊಬ್ಬರನ್ನೇ ಮುಖ ತೊಳೆಸಿ ನೆಟ್ಟಗಿನ ಕನ್ನಡದಲ್ಲಿ ನಿಲ್ಲಿಸುವ ಪ್ರೋಗ್ರಾಮು ಬರೆದದ್ದು ನಾನು, ಸ್ನೇಹಲತಾ, ಹೌದು ನಾನೇ, ಇವತ್ತು ಹೊಗಳಿಕೊಳ್ಳದಿದ್ದರೆ ಇನ್ಯಾವತ್ತು. ಬೆಳಿಗ್ಗೆ ಫೋನಿನಲ್ಲಿ ನಮ್ಮ ಮೇಲಧಿಕಾರಿ ನರಸಿಂಹರಾಜು ಸರ್, ಏನಮ್ಮಾ, ನಾಳೆ ಮದುವೆ ಇಟ್ಕೊಂಡು ಇವತ್ತು ಭಾನುವಾರ ಡ್ಯೂಟಿನಾ, ಅರಿಶಿನ ಹಚ್ಕೊಂಡು ಕೂತ್ಕೋಬಾರ್ದಾ. ಸರ್, ಹಳೇ ಡೇಟಾಬೇಸಿನ ಕಳ್ಳಾಟ ನನಗೊಬ್ಬಳಿಗೇ ಗೊತ್ತು, ಬೇರೆಯವರು ಕೈ ಹಾಕಿದರೆ ಅದು ರಂಪ ಮಾಡುತ್ತೆ. ಸರಿ ಹಾಗಾದ್ರೆ, ಆರು ಗಂಟೆಯೊಳಗೆ ಎಲ್ಲ ತಾಳೆ ಆಗ್ಬೇಕು, ಇಲ್ಲಾಂದ್ರೆ ಹಳೇದಕ್ಕೇ ವಾಪಸ್, ವಾಪಸ್ ಇಳಿಸೋಕೆ ನಾಳೆ ಇಡೀ ದಿನ ಬೇಕು, ಮಧುಗಿರಿಯಲ್ಲಿ ಒಂದು ನೋಂದಣಿಯೂ ಆಗಲ್ಲ, ಗೊತ್ತಲ್ಲ. ಗೊತ್ತು ಸರ್, ನನಗೆ ಗೊತ್ತಿಲ್ಲದೆ ಇನ್ಯಾರಿಗೆ, ನೋಟಿಸ್ ಕೊಟ್ಟು ನಾಳೆಗೆ ಮೂರು ತಿಂಗಳು, ನಾಳೆ ತಪ್ಪಿದರೆ ನೋಟಿಸೇ ಸತ್ತ ಹಾಗೆ, ಮತ್ತೆ ಅರ್ಜಿ, ಮತ್ತೆ ಕಾಯುವುದು, ಮತ್ತೆ ಕಚೇರಿಯ ಬೋರ್ಡಿನಲ್ಲಿ ನಮ್ಮಿಬ್ಬರ ಹೆಸರು, ಜಾತಿ ಹುಡುಕುವವರ ಕಣ್ಣಿಗೆ. ಕಾನೂನು ಕಾಯಿಸಿದ್ದು ಒಂದೇ ತಿಂಗಳು, ಉಳಿದೆರಡು ತಿಂಗಳು ನಾನು ಕಾದದ್ದು ಅಮ್ಮ ಹೂಂ ಅನ್ನಲಿ ಅಂತ.

ಎಪ್ಪತ್ತಾರು, ಇರುವೆ ಎಲ್ಲಿಗೋ ಹೋಯಿತು, ನವೀನ್ ಈಗ ಏನು ಮಾಡುತ್ತಿರಬಹುದು, ಶರ್ಟಿಗೆ ಇಸ್ತ್ರಿ ಹಾಕುತ್ತಿರಬೇಕು — ನವೀನ್ ಕುಮಾರ್, ಪುರವರದವನು, ಕೊರಟಗೆರೆಯಲ್ಲಿ ಮೇಷ್ಟ್ರು, ಮೇಷ್ಟ್ರುಗಳಿಗೆ ಕಂಪ್ಯೂಟರಿನಲ್ಲಿ ದಾಖಲೆ ತುಂಬುವುದನ್ನು ಕಲಿಸುವ ಟ್ರೈನಿಂಗಿನಲ್ಲಿ ಹಿಂದಿನ ಬೆಂಚಿನಿಂದ ಎದ್ದು ನಿಂತು, ಮೇಡಂ, ಸೇವ್ ಒತ್ತಿದ ಮೇಲೆ ಅದು ಹೋಗೋದೆಲ್ಲಿಗೆ ಅಂದ, ಇಡೀ ಹಾಲ್ ಗೊಳ್ಳೆಂದು ನಕ್ಕಿತು, ನಾನು ನಗಲಿಲ್ಲ, ಇಷ್ಟು ವರ್ಷದ ಸರ್ವಿಸಿನಲ್ಲಿ ಒಬ್ಬರೂ ಕೇಳದ ಪ್ರಶ್ನೆ, ಟೀ ಕುಡಿಯುವಾಗ ಉತ್ತರ ಹೇಳಲು ಶುರುಮಾಡಿದವಳು ಇನ್ನೂ ಹೇಳುತ್ತಲೇ ಇದ್ದೇನೆ. ಅವರದು ಗೋಡೆಯ ಮೇಲೆ ಬುದ್ಧನ ಫೋಟೋ ಇರುವ ಮನೆ, ನಮ್ಮದು ಕುರಿ, ಕಂಬಳಿ, ಮನೆದೇವರ ಮನೆ, ಹಟ್ಟಿ ಬಿಟ್ಟು ಬರಗೂರಿನೊಳಕ್ಕೆ ಬಂದರೂ ಹಟ್ಟಿ ನಮ್ಮನ್ನು ಬಿಟ್ಟಿಲ್ಲ, ನಾನು ವಿಷಯ ಹೇಳಿದ ದಿನ ಅಪ್ಪ, ನಿಮ್ಮಮ್ಮ ಏನಂತಾಳೋ ಅದೇ ನಂದೂವೆ ಅಂದು ಕುರಿ ಹೊಡೆದುಕೊಂಡು ಹೊರಟೇಬಿಟ್ಟ, ಜಾಣ, ಅಮ್ಮ ಅಳಲಿಲ್ಲ, ಬೈಯಲಿಲ್ಲ, ನಿನ್ನಿಷ್ಟ ಕಣವ್ವ ಅಂದಳು. ಬೈದಿದ್ದರೆ ಜಗಳವಾಡಬಹುದಿತ್ತು, ನಿನ್ನಿಷ್ಟದ ಜೊತೆ ಯಾರು ಜಗಳವಾಡುತ್ತಾರೆ, ನಮ್ಮಮ್ಮ ಪುಟ್ಟಕ್ಕನ ನಿನ್ನಿಷ್ಟ ಅಂದರೆ ಬೀಗ ಹಾಕಿದ ಬಾಗಿಲು, ತಟ್ಟಿದ್ದೇ ತಟ್ಟಿದ್ದು, ಒಳಗೆ ಪಾತ್ರೆ ಸದ್ದು ಮಾತ್ರ. ನಿನ್ನೆ ರಾತ್ರಿಯೂ ನಾಳಿದ್ದು ಮಧುಗಿರಿಗೆ ಬರುತ್ತೀಯಾ ಅಂದೆ, ಮುದ್ದೆ ತಣ್ಣಗಾಯ್ತದೆ ತಿನ್ನು ಅಂದಳು. ಇವತ್ತು ಬೆಳಿಗ್ಗೆಯಿಂದ ಅಕ್ಕಿ ಹುರಿದು ಪುಡಿ ಮಾಡಿ ಬೆಲ್ಲ ಕರಗಿಸಿ ಕಲೆಸುತ್ತಿದ್ದಾಳೆ, ತಂಬಿಟ್ಟು ಯಾರಿಗಮ್ಮ ಅಂದರೆ, ಯಾರ್ಗೇನು, ನಂಗೆ ತಿನ್ನಂಗಾಯ್ತು, ನಿಂಗೇನ್ ಕಷ್ಟ. ಒಬ್ಬಳಿಗೆ ಅಷ್ಟು ದೊಡ್ಡ ಕೊಳಗದ ತುಂಬ ತಂಬಿಟ್ಟಾ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ, ಕೇಳಿದರೆ ಇದ್ದದ್ದೂ ಕೆಟ್ಟೀತು.

ಎಂಬತ್ತಮೂರು, ಎಂಬತ್ತನಾಲ್ಕು, ಗುಡುಗು, ಎಲ್ಲೋ ದೂರದಲ್ಲಿ, ಮಣ್ಣಿನ ವಾಸನೆ ಬಂತು, ಬಾ ಮಳೆಯೇ ಬಾ, ಕಡಲೆಕಾಯಿ ಹಾಕುವವರೆಲ್ಲ ಕಾಯುತ್ತಿದ್ದಾರೆ, ಎಂಬತ್ತೈದು, ಇನ್ನೊಂದು ಗುಡುಗು, ಇದು ತಲೆಯ ಮೇಲೆಯೇ, ಕಿಟಕಿ ಝಲ್ಲೆಂದಿತು, ಎಂಬತ್ತಾರು, ಎಂಬತ್ತಾರು, ಎಂಬತ್ತಾರು — ಯಾಕೆ ನಿಂತಿತು, ಮುಂದಕ್ಕೆ ಹೋಗೇ, ಹೋಗೇ ನನ್ನವ್ವಾ, ಕಪ್ಪು ಪರದೆಯ ಮೇಲೆ ಒಂದು ಸಾಲು, ಸಂಪರ್ಕ ಕಡಿದಿದೆ ಅಂತ. ಫ್ಯಾನ್ ತಿರುಗುತ್ತಿದೆ, ಕರೆಂಟ್ ಇದೆ, ಮತ್ತೆ ಇದೇನು, ಮೂಲೆಯತ್ತ ತಿರುಗಿದರೆ ವೈಫೈ ಡಬ್ಬಿಯ ಹಸಿರು ದೀಪಗಳೆಲ್ಲ ಆರಿಹೋಗಿವೆ, ಅದರ ಪಕ್ಕದಲ್ಲಿ ಅಮ್ಮ, ಒದ್ದೆ ಕೈ, ಬೆಲ್ಲ ಮೆತ್ತಿದ ಕೈ, ಪ್ಲಗ್ಗನ್ನು ಕೋಳಿಮರಿಯ ಹಾಗೆ ಎದೆಗೊತ್ತಿ ಹಿಡಿದು ನಿಂತಿದ್ದಾಳೆ. ಗುಡುಗ್ತಾ ಅದೆ ಕಾಣಾಕಿಲ್ವ, ಅದ್ಕೆ ಕಿತ್ತೆ. ಅಯ್ಯೋ ದೇವರೇ, ಮಧುಗಿರಿಯನ್ನು ನಾನು ಹೇಗೆ ಓಡಿಸಿದ್ದೆ, ಸಂಪರ್ಕ ಹೋದರೂ ಸರ್ವರಿನಲ್ಲಿ ತನ್ನ ಪಾಡಿಗೆ ತಾನು ಓಡುವ ಹಾಗೆ ಹಚ್ಚಿದ್ದೆನೋ, ಇಲ್ಲ ಈ ಲ್ಯಾಪ್‌ಟಾಪಿನಿಂದ ನೇರವಾಗಿಯೋ, ನೇರವಾಗಿ ಹಚ್ಚಿದ್ದರೆ ಪ್ಲಗ್ಗಿನ ಜೊತೆಗೇ ಅದೂ ಸತ್ತಿದೆ, ಅರ್ಧ ಮಧುಗಿರಿ ಅಲ್ಲಿ ಅರ್ಧ ಇಲ್ಲಿ, ಎಲ್ಲ ಅಳಿಸಿ ಮೊದಲಿಂದ ಶುರು ಮಾಡಿದರೆ ಆರು ಗಂಟೆಗೆ ಮುಗಿಯುವ ಮಾತೇ ಇಲ್ಲ. ಮೊದಲ ಮೂರಕ್ಕೆ ಸರಿಯಾಗಿ ಹಚ್ಚಿದ್ದು ನೆನಪಿದೆ, ಮಧುಗಿರಿಗೆ ಬಂದಾಗ ನವೀನನ ಫೋನು, ಯಾವ ಬಣ್ಣದ ಶರ್ಟ್ ಹಾಕ್ಲಿ ಮೇಡಂ, ನೀಲಿ ಹಾಕಿ ಮೇಷ್ಟ್ರೇ ಅಂತ ನಗುತ್ತ ಎಂಟರ್ ಒತ್ತಿದ್ದು, ಏನು ಟೈಪ್ ಮಾಡಿ ಒತ್ತಿದೆ, ನೆನಪಿಲ್ಲ, ನೀಲಿ ಶರ್ಟ್ ಮಾತ್ರ ನೆನಪಿದೆ, ಥೂ ನನ್ನ, ಹೊಸಬರಿಗೆಲ್ಲ ಇದನ್ನೇ ಪಾಠ ಹೇಳುವವಳು ನಾನು. ಫೋನಿನ ನೆಟ್‌ವರ್ಕು ನೋಡಿದರೆ ಒಂದು ಗೀಟೂ ಇಲ್ಲ, ಮಳೆ ಬಂದರೆ ನಮ್ಮ ಬೀದಿಗೆ ಅದೂ ಸಿಗುವುದಿಲ್ಲ, ಕೊಡಮ್ಮ ಇಲ್ಲಿ ಪ್ಲಗ್ಗು ಅಂದರೆ, ಗುಡುಗು ನಿಲ್ಲಗಂಟ ಕೊಡಾಕಿಲ್ಲ. ಆಗ ಬಾಯಿಗೆ ಬಂತು, ತಡೆಯಲಾಗಲಿಲ್ಲ, ಈ ಮದುವೆ ನಿನಗೆ ಬೇಡ ಅಂದರೆ ಬಾಯ್ಬಿಟ್ಟು ಹೇಳಮ್ಮ, ಹೀಗೆ ಕಳ್ಳತನದಲ್ಲಿ ವೈರ್ ಕೀಳಬೇಡ.

ಮಳೆ ಹೆಂಚಿನ ಮೇಲೆ ರಪರಪ, ಅಮ್ಮ ನನ್ನನ್ನೇ ನೋಡಿದಳು, ಈಗ ಅಳುತ್ತಾಳೆ ಅಂದುಕೊಂಡೆ, ನಕ್ಕಳು, ಹೊಟ್ಟೆ ಕುಣಿಯುವ ಹಾಗೆ ನಕ್ಕಳು, ಲೇ, ನಂಗೆ ಬ್ಯಾಡಾಗಿದ್ರೆ ನಿನ್ ಕಾಲು ಮುರೀತಿದ್ದೆ ಕಣೇ, ವಯರ್ ಯಾಕೆ ಕೀಳ್ತಿದ್ದೆ. ಮತ್ಯಾಕೆ ಕಿತ್ತೆ. ಹೋದ್ವರ್ಸ ಸಿಡ್ಲು ಬಡ್ದು ಹುಣಸೇಮರದ ತಾವ ಕುರಿ ಸತ್ತೋಗ್ಲಿಲ್ವ, ಮದ್ವೆ ಹೆಣ್ಣು, ತೊಡೆ ಮ್ಯಾಲೆ ಅದನ್ನಿಟ್ಕಂಡು ಕುಂತಿದ್ದಿ, ವಯರ್ ಹಿಡ್ಕಂಡು ಬತ್ತದಂತೆ ಸಿಡ್ಲು. ಮದ್ವೆ ಹೆಣ್ಣು, ಮೂರು ತಿಂಗಳಲ್ಲಿ ಮೊದಲ ಸಲ ಆ ಬಾಯಿಂದ ಆ ಮಾತು, ಅದೂ ಬೈಗುಳದ ನಡುವೆ, ಸರ್ವರು ಸತ್ತಿದ್ದರೂ ಸಾಯಲಿ ಅನ್ನಿಸಿತು ಒಂದು ಗಳಿಗೆ, ಒಂದೇ ಗಳಿಗೆ, ಆಮೇಲೆ ಮತ್ತೆ ಮಧುಗಿರಿ, ಮತ್ತೆ ಎಂಬತ್ತಾರು. ಅಲ್ಲ, ಇವಳು ಸ್ವಿಚ್ಚನ್ನೂ ಮುಟ್ಟುವವಳಲ್ಲ, ಮುದ್ದೆಕೋಲಿನ ತುದಿಯಿಂದ ದೂರ ನಿಂತು ಒತ್ತುತ್ತಾಳೆ, ನಾನು ತಂದುಕೊಟ್ಟ ಮಿಕ್ಸಿ ಇನ್ನೂ ಡಬ್ಬದಲ್ಲೇ ಇದೆ, ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಇಡುವ ಯಂತ್ರ ಕಂಡರೆ ಆಗದು, ಕೆಂಪಗೆ ಉರೀತದೆ ಕಣವ್ವ ಅಂತ ಅಪ್ಪನನ್ನೇ ಕಳಿಸುತ್ತಾಳೆ, ಅಂಥವಳು ಒದ್ದೆ ಕೈಯಲ್ಲಿ, ಬರಿಗೈಯಲ್ಲಿ. ಒದ್ದೆ ಕೈಯಲ್ಲಿ ಮುಟ್ತಾರೇನಮ್ಮ, ಏನಾದರೂ ಆಗಿದ್ದರೆ, ಕೋಲು ಎಲ್ಲಿತ್ತು. ಕೋಲು ಹುಡುಕ್ತಾ ಕುಂತ್ಕಳಾಕಾಯ್ತದ, ನೀನು ಇಲ್ಲಿ ಕುಂತಿದ್ದಿ. ಅಷ್ಟೇ ಅಂದಳು, ಅಂದು ನನ್ನ ಪಕ್ಕ ಚಾಪೆಯ ಮೇಲೆ ಕೂತಳು, ಪ್ಲಗ್ಗು ಅವಳ ಮಡಿಲಲ್ಲಿ, ವೈರು ನೆಲದ ಮೇಲೆ, ಇಬ್ಬರೂ ಗುಡುಗು ದೂರವಾಗುವುದನ್ನು ಕೇಳುತ್ತ ಕೂತೆವು.

ತಗ ಅಂತ ಕೊಟ್ಟಳು ಕೊನೆಗೆ, ಒರೆಸಿ ಸಿಕ್ಕಿಸಿದರೂ ಬೆರಳು ಅಂಟು ಅಂಟು, ಹಸಿರು ದೀಪ ಒಂದು, ಎರಡು, ಮೂರನೆಯದು ಮಿಟುಕುತ್ತ ಮಿಟುಕುತ್ತ ಪ್ರಾಣ ತಿಂದು ನಿಂತಿತು, ಪಾಸ್‌ವರ್ಡು ಎರಡು ಸಲ ತಪ್ಪು, ಮೂರನೆಯ ಸಲ ಒಳಗೆ ಬಿಟ್ಟಿತು, ಓಡುತ್ತಿರುವ ಕೆಲಸಗಳನ್ನೆಲ್ಲ ತೋರಿಸು ಅಂತ ಕೇಳಿ ಕಣ್ಣು ಮುಚ್ಚಿದೆ, ತೆರೆದೆ — ಮಧುಗಿರಿ ಇದೆ, ಇನ್ನೂ ಓಡುತ್ತಿದೆ, ತೊಂಬತ್ತಾರು! ನೀಲಿ ಶರ್ಟಿನ ಗುಂಗಿನಲ್ಲೂ ಕೈ ತನ್ನ ಅಭ್ಯಾಸ ಬಿಟ್ಟಿಲ್ಲ, ಸರಿಯಾಗಿಯೇ ಹಚ್ಚಿದೆ, ಭೇಷ್ ಕೈಯೇ, ನಿನಗೊಂದು ಬಳೆ ಜಾಸ್ತಿ, ಅಮ್ಮಾ ಇದೆ ಅಮ್ಮಾ ಇದೆ ಅಂತ ಕೂಗಿದೆ, ಏನದೆ ಅಂದಳು, ಮಧುಗಿರಿ ಅಂದೆ, ಮಧುಗಿರಿ ಎಲ್ಲಿಗೋಯ್ತದೆ, ಬೆಟ್ಟ ಕಣೇ ಅದು, ಅಲ್ಲೇ ಇರ್ತದೆ. ನೂರು. ಹಳೆಯದರಲ್ಲಿ ಎಷ್ಟು ಸಾಲೋ ಹೊಸದರಲ್ಲೂ ಅಷ್ಟೇ ಸಾಲು, ಒಂದು ಕಮ್ಮಿ ಇಲ್ಲ ಒಂದು ಹೆಚ್ಚಿಲ್ಲ, ಮಳೆ ಬಿಟ್ಟು ಗೀಟು ಬಂದ ಫೋನಿನಲ್ಲಿ ನರಸಿಂಹರಾಜು ಸರ್, ತಾಳೆ ಆಯ್ತು ಕಣಮ್ಮ, ನಾಳೆಯಿಂದ ಹೊಸದೇ, ಹೋಗು ಇನ್ನಾದ್ರೂ ಅರಿಶಿನ ಹಚ್ಕೋ, ಗಡಿಯಾರ ನೋಡಿದೆ, ಆರಕ್ಕೆ ಇನ್ನೂ ಹೊತ್ತಿದೆ, ಹೊಸದರಲ್ಲಿ ಒಂದೇ ಒಂದು ದಾಖಲೆ ತೆರೆದು ನೋಡಿದೆ, ನೋಡುವುದು ನನ್ನ ಕೆಲಸವೇ ತಾನೆ, ನಮ್ಮದೇ ನೋಟಿಸು, ಅವನ ಹೆಸರು ನನ್ನ ಹೆಸರು ಪಕ್ಕಪಕ್ಕ, ದುಂಡಗೆ, ಕೊಂಬಿಲ್ಲದೆ ಕೋಡಿಲ್ಲದೆ. ಅಮ್ಮ ಕೊಳಗದ ಮುಂದೆ ಕೂತು ಉಂಡೆ ಕಟ್ಟುತ್ತಿದ್ದಾಳೆ, ಕಟ್ಟುತ್ತ ಕಟ್ಟುತ್ತ, ತಲೆ ಎತ್ತದೆ, ಲತಾ, ಸಾಕ್ಷಿ ಹಾಕೋರೂ ಹೆಬ್ಬೆಟ್ಟು ಇಡಬೇಕಂತಲ್ಲ ಅಲ್ಲಿ, ಆ ಕೆಂಪು ಮಿಷನ್ ಮ್ಯಾಲೆ, ಅದು ಕರೆಂಟ್ ಹೊಡಿಯಾಕಿಲ್ಲ ತಾನೆ. ಸಾಕ್ಷಿ. ಮೂವರು ಬೇಕು, ಇಬ್ಬರು ನವೀನನ ಕಡೆಯವರು, ಮೂರನೆಯವರಿಗೆ ಕಚೇರಿಯ ಮುಂದೆ ಪತ್ರ ಬರೆಯುವ ಯಾರನ್ನಾದರೂ ಹಿಡಿದು ತರೋಣ ಅಂದುಕೊಂಡಿದ್ದೆವು, ಇವಳು ಯಾರನ್ನು ಕೇಳಿ ತಿಳಿದುಕೊಂಡಳು, ಯಾವಾಗ ಕೇಳಿದಳು, ಎಷ್ಟು ದಿನದಿಂದ ಇದನ್ನು ಒಳಗೇ ಇಟ್ಟುಕೊಂಡಿದ್ದಳು, ಇಲ್ಲಮ್ಮ ಹೊಡೆಯುವುದಿಲ್ಲ, ಬರೀ ದೀಪ ಅದು ಅಂತ ಹೇಳಬೇಕು, ಹೇಳುತ್ತೇನೆ, ನವೀನನಿಗೆ ಫೋನ್ ಮಾಡಬೇಕು, ಬಸ್ಸಿನ ಹೊತ್ತು ನೋಡಬೇಕು, ಅವಳ ಹಸಿರು ಸೀರೆ ತೆಗೆದಿಡಬೇಕು, ಏನೂ ಮಾಡದೆ ನೋಡುತ್ತಾ ಕೂತಿದ್ದೇನೆ, ಆ ಕೈ, ಒದ್ದೆ ಕೈ, ಬೆಲ್ಲದ ಕೈ, ಕೋಲಿಲ್ಲದ ಕೈ, ಪ್ಲಗ್ಗು ಹಿಡಿದ ಅಮ್ಮನ ಬರಿಗೈ.