ಕಿರಿಯವಳು ಬಚ್ಚಿಟ್ಟ ಓಲೆ

ಅರಮನೆಯ ಕಾದಂಬರಿಗಳೆಂದರೆ ಅಕ್ಕನಿಗೂ ನನಗೂ ಪ್ರಾಣ. ಸಿಂಹಾಸನ, ಒಳಸಂಚು, ಒಬ್ಬರ ಮುಖ ಕಂಡರೆ ಒಬ್ಬರಿಗಾಗದ ರಾಜಕುಮಾರಿಯರು, ಇಷ್ಟಿದ್ದರೆ ನಮಗೆ ಊಟವೂ ಬೇಡ. ಅಕ್ಕ ಯಾವಾಗಲೂ ಹಿರಿಯ ರಾಜಕುಮಾರಿಯ ಪಕ್ಷ, ನಾನು ಕಿರಿಯವಳ ವಕೀಲೆ. "ನಿನ್ನ ಕಿರಿಯವಳು ಶುದ್ಧ ಕಳ್ಳಿ ಕಣೇ" ಎಂದು ಅವಳು, "ನಿನ್ನ ಹಿರಿಯವಳಿಗೆ ಕೊಬ್ಬು ಜಾಸ್ತಿ" ಎಂದು ನಾನು. ಹೀಗೆ ನಮ್ಮ ಮನೆಯಲ್ಲಿ ಎಷ್ಟೋ ಸಾಮ್ರಾಜ್ಯಗಳು ಎದ್ದು ಬಿದ್ದಿವೆ.

ಹೋದ ವಾರ ಅಕ್ಕನ ಬಲಗಣ್ಣಿಗೆ ಆಪರೇಷನ್ ಆಯಿತು. ಹತ್ತು ದಿನ ಓದಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ನಾನು ಸ್ಕೂಲಿಗೆ ರಜೆ ಹಾಕಿ, ಲೈಬ್ರರಿಯಿಂದ ತಂದ ಹೊಸ ಕಾದಂಬರಿಯನ್ನು ಮಧ್ಯಾಹ್ನದ ಹೊತ್ತು ಓದಿ ಹೇಳುತ್ತಿದ್ದೆ. ಇಪ್ಪತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದ ಗಂಟಲಿದು, ದಣಿಯುವುದಿಲ್ಲ.

ಅವತ್ತು ಹಿರಿಯ ರಾಜಕುಮಾರಿಯನ್ನು ಪಟ್ಟಕ್ಕೆ ಕರೆಯುವ ಓಲೆ ಹಿಡಿದು ದೂತ ಅರಮನೆಯ ಬಾಗಿಲಿಗೆ ಬಂದಿದ್ದ. ಓಲೆ ಕಿರಿಯವಳ ಕೈಗೆ ಬಿತ್ತು. ನನ್ನ ಕಣ್ಣು ಬಾಯಿಗಿಂತ ನಾಲ್ಕು ಸಾಲು ಮುಂದೆ ಓಡುತ್ತದೆ. ಆ ನಾಲ್ಕನೇ ಸಾಲು ನೋಡಿ ಓದು ನಿಲ್ಲಿಸಿಬಿಟ್ಟೆ.

ನನಗೆ ಹದಿನೇಳಾಗಿದ್ದಾಗ ಅಕ್ಕನಿಗೂ ಒಂದು ಪತ್ರ ಬಂದಿತ್ತು. ದೂರದ ಊರಿನ ಮ್ಯೂಸಿಯಂನಲ್ಲಿ ಕೆಲಸ. ನಿಜವಾದ ರಾಜರ ಉಡುಪುಗಳು, ನಿಜವಾದ ಓಲೆಗಳು. ಸಂದರ್ಶನಕ್ಕೆ ಹೋಗಿಬಂದು ಅಕ್ಕ ಆ ಪತ್ರಕ್ಕಾಗಿ ತಿಂಗಳುಗಟ್ಟಲೆ ಕಾದಿದ್ದಳು. ಅಪ್ಪ ಲಕ್ವ ಹೊಡೆದು ಮಲಗಿದ್ದರು. ಅವಳು ಹೋದರೆ ಅವರ ಆರೈಕೆ ನನ್ನ ತಲೆಗೆ ಬರುತ್ತಿತ್ತು, ನನ್ನ ಕಾಲೇಜಿಗೆ ಎಳ್ಳುನೀರು ಬಿಡಬೇಕಿತ್ತು. ನನ್ನ ಕೈಗೆ ಸಿಕ್ಕ ಪತ್ರವನ್ನು ಅವಳಿಗೆ ಕೊಡಲೇ ಇಲ್ಲ. ನಾನು ಓದಿ ಟೀಚರಾದೆ. ಅಕ್ಕ ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ಕೂತು ಕಂಡವರ ಕೋಟುಗಳಿಗೆ ಚೀಟಿ ಕಟ್ಟುತ್ತ ಕೂದಲು ಬೆಳ್ಳಗೆ ಮಾಡಿಕೊಂಡಳು.

"ಯಾಕೆ ನಿಲ್ಲಿಸ್ದೆ?" ಅಕ್ಕ ಕಣ್ಣು ಮುಚ್ಚಿಕೊಂಡೇ ಕೇಳಿದಳು.

ಬಾಯಿಗೆ ಬಂದದ್ದು ಹೇಳಿದೆ. "ಅಷ್ಟರಲ್ಲಿ ಬಿರುಗಾಳಿ ಬೀಸಿ ಓಲೆ ನದಿಗೆ ಬಿತ್ತು."

"ಅರಮನೆ ಒಳಗೆ ನದಿ ಎಲ್ಲಿಂದ ಬಂತೇ? ಸರಿಯಾಗಿ ಓದು."

"ಇವತ್ತಿಗೆ ಸಾಕು ಅಕ್ಕ."

"ಇಂಥ ಜಾಗದಲ್ಲಾ ನಿಲ್ಲಿಸೋದು? ಓದೇ."

ಪುಟದ ಮೇಲೆ ಬೆರಳಿಟ್ಟು ಓದಿದೆ. "ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕಿರಿಯವಳು ಅಕ್ಕನ ಓಲೆಯನ್ನು ಬಚ್ಚಿಟ್ಟೆ."

ಅಚ್ಚಾಗಿದ್ದದ್ದು 'ಬಚ್ಚಿಟ್ಟಳು'.

ಅಕ್ಕನ ಎಡಗಣ್ಣು ತೆರೆಯಿತು. ನಾನು ತಕ್ಷಣ ನಕ್ಕಿದ್ದರೆ ಬಚಾವಾಗುತ್ತಿದ್ದೆನೋ ಏನೋ, ನಗು ಬರಲಿಲ್ಲ. ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದೆ. ಅವಳು ಅದನ್ನೇ ನೋಡುತ್ತಿದ್ದಳು.

"ಬಚ್ಚಿಟ್ಟೆ" ಎಂದಳು. ಆ ಪದ ನಾನು ಹೇಳಿದರೂ ನನ್ನ ಮೇಲೇ ಬರುತ್ತದೆ, ಅವಳು ಹೇಳಿದರೂ ನನ್ನ ಮೇಲೇ.

"ಮ್ಯೂಸಿಯಂ ಪತ್ರಾನಾ?"

ತಲೆಯಾಡಿಸಿದೆ.

"ಪೋಸ್ಟ್‌ಮ್ಯಾನ್ ಮೇಲೆ ದೂರು ಕೊಟ್ಟಿದ್ದೆ ನಾನು. ಅಕ್ಷರ ಚೆನ್ನಾಗಿದೆ ಅಂತ ನಿನ್ನ ಕೈಯಲ್ಲೇ ಬರೆಸಿದ್ದೆ."

"ಹೌದು."

ಬೈದಿದ್ದರೆ, ಪುಸ್ತಕ ಕಿತ್ತೆಸೆದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ದಿಂಬಿಗೆ ಒರಗಿ ಸುಮ್ಮನಾದಳು. ಇಷ್ಟು ವರ್ಷ ನಾನು ಹೆದರಿದ್ದು ಇದಕ್ಕೇ. ಗೊತ್ತಾದ ದಿನ ಅವಳು ನನ್ನ ಜೊತೆ ಮಾತು ಬಿಡುತ್ತಾಳೆ, ನನಗೆ ಇನ್ಯಾರೂ ಇಲ್ಲ.

"ಏನು ಬರೆದಿತ್ತು ಅದರಲ್ಲಿ?" ಸೂರು ನೋಡುತ್ತ ಕೇಳಿದಳು.

ಪತ್ರವನ್ನು ಎಂದೋ ಹರಿದುಹಾಕಿದ್ದೆ, ಒಂದಕ್ಷರವೂ ಮರೆತಿರಲಿಲ್ಲ. "ಸಂದರ್ಶನದಲ್ಲಿ ತಾವು ಮೊದಲ ಸ್ಥಾನ ಪಡೆದಿದ್ದೀರಿ. ತಮ್ಮನ್ನು ವಸ್ತ್ರ ವಿಭಾಗದ ಸಹಾಯಕಿಯನ್ನಾಗಿ ನೇಮಿಸಲಾಗಿದೆ. ಮುಂದಿನ ತಿಂಗಳು ಮೂರನೇ ತಾರೀಖು ಹಾಜರಾಗತಕ್ಕದ್ದು."

"ಮೊದಲ ಸ್ಥಾನ ಅಂತಿತ್ತಾ?"

"ಹ್ಞೂಂ."

"ಪೋಸ್ಟ್‌ಮ್ಯಾನ್ ತಪ್ಪಿಲ್ಲ ಅಂತ ಆದಾಗ, ನಾನೇ ದಡ್ಡಿ, ಅವರಿಗೆ ಬೇಡವಾದೆ ಅಂದ್ಕೊಂಡೆ. ಇವತ್ತಿನ ತನಕ ಹಾಗೇ ಅಂದ್ಕೊಂಡಿದ್ದೆ." ಅವಳು ಮತ್ತೆ ಕಣ್ಣು ಮುಚ್ಚಿದಳು. "ಇನ್ನೊಂದ್ಸಲ ಹೇಳು."

ಮೊದಲಿನಿಂದ ಶುರು ಮಾಡಿದೆ. 'ಸಂದರ್ಶನದಲ್ಲಿ ತಾವು' ಎನ್ನುವಷ್ಟರಲ್ಲಿ ನನ್ನ ದನಿ ಕೈಕೊಟ್ಟಿತು. ಮುಂದಿನ ಎರಡು ಪದಗಳನ್ನು ಅಕ್ಕನೇ ಹೇಳಿಕೊಂಡಳು.