ಕದ್ದ ತೊಲೆಗೆ ಬಿದ್ದ ಬೈಗುಳ

ಕರ್... ಕರ್... ನಾಯಿ ಬೊಗಳಿದ ಕೂಡಲೇ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ, ಇನ್ನಷ್ಟು ಮೆಲ್ಲಗೆ, ಕರ್...

ಯಿನ್‌ಮೇ ಎದ್ದು ಕೂತಳು. ಗುಡ್ಡದ ಮೇಲೆ ಗರಗಸ ಆಡುತ್ತಿತ್ತು.

"ಲ್ಯಾನ್, ಕೇಳಿಸ್ತಾ? ನಮ್ಮ ಕಡೆಯಿಂದ ಬಂದ ಹಾಗಿಲ್ವಾ?"

ಮಗಳು ಹೊದಿಕೆಯೊಳಗಿಂದಲೇ ಗೊಣಗಿದಳು. "ಮಲಕ್ಕೋ ಅಮ್ಮ. ಕಳ್ಳರನ್ನ ನೆಮ್ಮದಿಯಾಗಿ ಕದಿಯೋಕೆ ಬಿಡು."

ಆ ರಾತ್ರಿ ಕಳ್ಳತನ ನಡೆಯುತ್ತದೆಂದು ಇಡೀ ಊರಿಗೆ ಗೊತ್ತಿತ್ತು. ಹಳೆಯ ಸೇತುವೆಯನ್ನು ಹೊಳೆ ಕೊಚ್ಚಿಕೊಂಡು ಹೋದ ಮೇಲೆ ಲುಂಗ್ ಮೇಸ್ತ್ರಿ ಹೊಸದನ್ನು ಎಬ್ಬಿಸಿದ್ದ. ಕಾಗದದ ಮೇಲೆ ಒಂದು ಗೆರೆ ಎಳೆದವನಲ್ಲ. ಸೀಳಿದ ಬಿದಿರಗಳುವಿನ ಮೇಲೆ ಶಾಯಿಯಲ್ಲಿ ಅಳತೆ ಗುರುತು ಮಾಡಿಕೊಂಡು, ಕಲ್ಲಿನ ಕಂಬಗಳ ಮೇಲಿಂದ ದಿಮ್ಮಿಗಳನ್ನು ಸಾಲು ಸಾಲಾಗಿ ಮುಂದಕ್ಕೆ ಚಾಚಿ, ಒಂದರ ಗಂಡಿಗೆ ಇನ್ನೊಂದರ ತುದಿ ಕೂರಿಸಿ, ಮೊಳೆಯನ್ನೇ ಮುಟ್ಟದೆ ಕಟ್ಟಿದ್ದ. ಉಳಿದದ್ದು ಸೇತುವೆಯ ಮೇಲಿನ ಚಾವಣಿಯ ನೆತ್ತಿಯ ತೊಲೆ. ಊರಿನ ಹಳೇ ರೂಢಿಯಂತೆ ಅದನ್ನು ಕೊಂಡು ತರುವ ಹಾಗಿಲ್ಲ, ಕದ್ದೇ ತರಬೇಕು. ಬೆಳಗ್ಗೆ ಮರದ ಯಜಮಾನ ಬಾಯಿ ತುಂಬ ಬೈಯಬೇಕು. ಬೈಗುಳ ಜೋರಾದಷ್ಟೂ ಸೇತುವೆ ಗಟ್ಟಿ. ಆದರೆ ಅದು ಗಂಡ, ಹೆಂಡತಿ, ಮಕ್ಕಳು ತುಂಬಿದ ಮನೆಯ ಮರವೇ ಆಗಬೇಕು. ಪಕ್ಕದ ಮನೆಯ ತಾಂಗ್‌ನದು ಅಂಥ ಮನೆ. ಮೇಸ್ತ್ರಿ ಗುಟ್ಟಾಗಿ ಅವನಿಗೆ ಕಣ್ಣು ಮಿಟುಕಿಸಿದಂದಿನಿಂದ ಅವನು ಹಂದಿಗಳ ಮುಂದೆ ನಿಂತು ಬೈಯುವುದನ್ನು ಅಭ್ಯಾಸ ಮಾಡುತ್ತಿದ್ದ.

ಬೆಳಕು ಹರಿಯುವ ಮೊದಲೇ ಅವನ ಗಂಟಲು ಎದ್ದಿತು. "ಯಾವನೋ ಅವನು ನನ್ನ ಮರ ಕದ್ದವನು! ನಿನ್ನ ಗಡ್ಡಕ್ಕೆ ಹುಳ ಬೀಳ್ಲಿ! ನಿನ್ನ ಕೋಳಿ ಕಲ್ಲಿನ ಮೊಟ್ಟೆ ಇಡ್ಲಿ!"

"ಹೊಳೆ ಆಚೆ ಕೇಳಿಸ್ತಿಲ್ಲ," ಒಳಗಿಂದ ಅವನ ಹೆಂಡತಿ ಕೂಗಿದಳು. "ನನಗೆ ಬೈಯೋವಾಗ ಎಲ್ಲಿಂದ ಬರುತ್ತೆ ಆ ಗಂಟಲು?"

ಕೇರಿಯೆಲ್ಲ ನಗುತ್ತಿದ್ದಾಗ ಯಿನ್‌ಮೇ ಹಂದಿಗೆ ಸೊಪ್ಪು ತರುವ ನೆಪದಲ್ಲಿ ಗುಡ್ಡ ಹತ್ತಿದಳು. ಮಂಜು ಇನ್ನೂ ಕವಿದಿತ್ತು. ತಾಂಗ್‌ನ ಫರ್ ಮರ ನೆಟ್ಟಗೆ ನಿಂತಿತ್ತು. ಗಡಿಕಲ್ಲಿನ ಈಚೆಗೆ, ಅವಳ ಜಾಗದಲ್ಲಿ, ಕಡಿದ ಹಸಿ ಬುಡವೊಂದು ಬೆಳ್ಳಗೆ ಹೊಳೆಯುತ್ತಿತ್ತು. ಅದರ ಮೇಲೆ ಉರಿದ ಊದುಬತ್ತಿ, ಮರದ ಯಜಮಾನನಿಗೆಂದು ದುಡ್ಡಿಟ್ಟ ಕೆಂಪು ಕಾಗದದ ಪೊಟ್ಟಣ. ಕಳ್ಳರು ಕತ್ತಲಲ್ಲಿ ಗಡಿ ತಪ್ಪಿದ್ದರು.

ಲ್ಯಾನ್ ಹುಟ್ಟಿದ ವರ್ಷ ಗಂಡ ನೆಟ್ಟ ಮರವದು. ಅವನು ಜ್ವರದಲ್ಲಿ ಹೋಗಿ ಆರು ವರ್ಷ. ಅವನ ಮರ ಊರಿನ ನೆತ್ತಿಯ ಮೇಲೆ! ಎದೆಯೊಳಗೆ ಸಂತೋಷ ಹಕ್ಕಿಯ ಹಾಗೆ ರೆಕ್ಕೆ ಬಡಿಯಿತು. ಮರುಕ್ಷಣವೇ ಭಯ. ಗಂಡ ಸತ್ತವಳ ಮರವೆಂದು ಹಿರಿಯರಿಗೆ ತಿಳಿದರೆ ತೊಲೆಯನ್ನು ಕೆಳಗಿಳಿಸದೆ ಬಿಡುವರೇ?

"ಅತ್ತಿಗೆ! ನನ್ನ ಮರದ ಬುಡ ನೋಡೋಕೆ ಬಂದ್ರಾ?" ಏದುಸಿರು ಬಿಡುತ್ತ ಹತ್ತಿ ಬಂದ ತಾಂಗ್ ಅಲ್ಲೇ ನಿಂತುಬಿಟ್ಟ. "ಇದೇನಿದು, ನಿಂತೇ ಇದೆ! ಬೆಳಗ್ಗಿಂದ ಯಾರಿಗೆ ಬೈದೆ ನಾನು?"

"ತಾಂಗ್, ಇದು ಗೊತ್ತಾದ್ರೆ ತೊಲೆ ಇಳಿಸಿಬಿಡ್ತಾರೆ." ಅವಳು ಬುಡವನ್ನು ಸವರಿದಳು. "ಲ್ಯಾನ್ ಅಪ್ಪ ನೆಟ್ಟಿದ್ದು."

ತಾಂಗ್ ಬುಡವನ್ನು ನೋಡಿದ, ಅವಳನ್ನು ನೋಡಿದ. "ಅಣ್ಣನ ಕೈ ಒಳ್ಳೇ ಕೈ," ಎಂದ. "ಗೊತ್ತಾದ್ರೆ ಹೆಂಡತಿ ಸಾಯೋವರೆಗೂ ನನ್ನ ನೋಡಿ ನಗ್ತಾಳೆ. ನಾನು ಬಾಯಿ ಬಿಡಲ್ಲ. ಆದ್ರೆ ನನ್ನ ಬೈಗುಳ ಈ ಮರಕ್ಕೆ ಲೆಕ್ಕಕ್ಕಿಲ್ಲ. ನೀವೇ ಬೈಬೇಕು, ತೊಲೆ ಏರೋದಕ್ಕೆ ಮುಂಚೆ."

"ನಾನಾ?" ಅಂಗಳದ ಕೋಳಿಯನ್ನು ಅಟ್ಟುವಾಗಲೂ ಮೆತ್ತಗೆ ಮಾತಾಡುವವಳು ಅವಳು. ಆದರೂ ಕಣಿವೆಯ ಕಡೆ ತಿರುಗಿದಳು. "ಮರ ಕದ್ದವರೇ... ನೀವು ಮಾಡಿದ್ದು ಸರಿಯಲ್ಲ."

ತಾಂಗ್ ತಲೆ ಹಿಡಿದುಕೊಂಡ. "ಇದು ಬೈಗುಳವಾ ಅತ್ತಿಗೆ? ಹೀಗೆ ಬೈದ್ರೆ ಬಾತುಕೋಳಿ ದಾಟಿದ್ರೂ ಸೇತುವೆ ಮುರಿಯುತ್ತೆ!"

ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ, ಎಲ್ಲಿ ಅಡಗಿತ್ತೋ, ಒಂದು ದನಿ ಬಂತು. "ಎಲಾ ಮೊಂಡು ಗರಗಸದವರೇ! ನಿಮ್ಮ ಹುಳಿಮೀನಿನ ಮಡಕೆಗೆ ಬೆಕ್ಕು ಹೊಕ್ಕಲಿ! ಹಾಡೋವಾಗ ನಿಮ್ಮ ಬಾಯಿಗೆ ಕಪ್ಪೆ ಹಾರಲಿ! ಹುಡುಗಿಯರ ಮುಂದೆ ನಿಮ್ಮ ಲಾಡಿ ಬಿಚ್ಚಲಿ!" ಹಾಗೇ ಜ್ವರಕ್ಕೆ ಬೈದಳು, ಸೇತುವೆ ಕೊಚ್ಚಿದ ಹೊಳೆಗೆ ಬೈದಳು, ಆರು ವರ್ಷ ನುಂಗಿದ ಮಾತಿಗೆಲ್ಲ ಬೈದಳು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ಕೆಳಗೆ ಹೋ ಎಂದು ಕೂಗೆದ್ದಿತು, ಪಟಾಕಿ ಸಿಡಿಯಿತು.

"ತಾಂಗ್‌ನ ಹೆಂಡತಿ ಶುರುಮಾಡಿದ್ಲು ಕಣ್ರೋ!" ಮಂಜಿನಾಚೆ ಕೆಳಗಿನಿಂದ ಯಾರೋ ಕೂಗಿದರು.

ಯಿನ್‌ಮೇ ಪೊಟ್ಟಣವನ್ನು ತಾಂಗ್‌ನ ಕೈಗಿಟ್ಟಳು. "ನೀನೇ ಇಟ್ಕೋ. ಎಲ್ಲರೂ ತೋರಿಸು ಅಂತಾರೆ."

ಮಧ್ಯಾಹ್ನ ಕೆಂಪು ಬಟ್ಟೆ ಸುತ್ತಿದ ತೊಲೆ ಹಗ್ಗದಲ್ಲಿ ಏರಿ ತನ್ನ ಗಂಡಿಯಲ್ಲಿ ಗಟ್ಟಿಯಾಗಿ ಕೂತಿತು. ಲುಂಗ್ ಮೇಸ್ತ್ರಿ ಮೇಲಿಂದ ಅಂಟಕ್ಕಿಯ ಕಡುಬು ಎರಚುತ್ತ ಕೂಗಿದ: "ತಾಂಗ್, ನಿನ್ನ ಹೆಂಡತಿ ಬಾಯಿ ಬಂಗಾರ ಕಣಯ್ಯ! ಇಂಥ ಬೈಗುಳ ನನ್ನ ಯಾವ ಸೇತುವೆಗೂ ಬಿದ್ದಿರಲಿಲ್ಲ!"

"ನಾನ್ಯಾವಾಗ..." ಎಂದು ಬಾಯಿ ತೆರೆದ ಹೆಂಡತಿಯ ಬಾಯಿಗೆ ತಾಂಗ್ ಒಂದು ಕಡುಬು ತುರುಕಿದ.

ಮಡಿಲ ತುಂಬ ಕಡುಬು ಹಿಡಿದು ಲ್ಯಾನ್ ಓಡಿಬಂದಳು. "ಮೆಲ್ಲಗೆ ಬಾರೇ," ಎಂದಳು ಅಮ್ಮ. "ಯಾಕಮ್ಮ, ಗಂಟಲು ಕಟ್ಟಿದೆ? ಕಣ್ಣೂ ಕೆಂಪಗಿದೆ."

ಅದು ಅಪ್ಪನ ಮರವೆಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಮಗಳ ಹಿಂದೆ ಅವಳ ಜೊತೆ ಹಾಡುವ ಗೆಳತಿಯರೆಲ್ಲ ಕಿವಿ ನಿಮಿರಿಸಿ ನಿಂತಿದ್ದರು. ಸಂಜೆಯೊಳಗೆ ಮೂರು ಊರಿಗೆ ಹಬ್ಬುತ್ತದೆ. ಹಬ್ಬಿದರೆ ತೊಲೆ ಇಳಿಯುತ್ತದೆ.

"ಮಂಜು ಕಣೇ," ಎಂದಳು ಯಿನ್‌ಮೇ. ಮಗಳಿಗೂ ಬೇಡ, ನಾಳೆಯೂ ಬೇಡ. ಯಾರಿಗೂ ಹೇಳುವುದಿಲ್ಲವೆಂದು ಮನಸ್ಸು ಗಟ್ಟಿ ಮಾಡಿಕೊಂಡು ಮಗಳ ಮಡಿಲಿಂದ ಒಂದು ಕಡುಬು ತೆಗೆದು ಬಾಯಿಗೆ ಹಾಕಿಕೊಂಡಳು.