ಗುರುವಾರದ ಕೆಮ್ಮು

ಸತ್ತವರು ಫೋನ್ ಮಾಡುವುದಿಲ್ಲವೆಂದು ತಿಳಿದವರು ಹೇಳುತ್ತಾರೆ. ಅವರು ಕೆನಡಾದ ಸಾಸ್ಕಾಚೆವನ್ನಿನ ನಮ್ಮ ಹಳ್ಳಿಯಲ್ಲಿ ಬೆಳಗಿನ ಏಳು ಗಂಟೆಗೆ ಎದ್ದು ಕೂತವರಲ್ಲ. ಇದು ನಡೆದದ್ದೇ, ಅರ್ಧ ಕಿತಾಪತಿ ನನ್ನದು.

ಒಂಟಿಯಾಗಿರುವ ಮುದುಕರು ನಾವು ಏಳು ಮಂದಿ ಇದ್ದೆವು. ಏಳಕ್ಕೆ ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಬೇಕು. "ಎದ್ಯಾ?" "ಎದ್ದೆ." ಅಷ್ಟೇ. ಅವರು ಮುಂದಿನವರಿಗೆ. ಹತ್ತು ಸಲ ಬಡಿದುಕೊಂಡರೂ ಎತ್ತದಿದ್ದರೆ ಬೂಟು ಹಾಕಿಕೊಂಡು ಹೋಗಿ ಬಾಗಿಲು ತಟ್ಟುವುದು. ಫೆಬ್ರವರಿಯಲ್ಲಿ ನಮ್ಮಲ್ಲೊಬ್ಬ ಥೋರ್ವಾಲ್ಡ್ ಸತ್ತು ಸಿಕ್ಕಿದ್ದು ಹಾಗೆಯೇ, ಕುರ್ಚಿಯಲ್ಲಿ, ಒಂದು ಕಾಲಿಗೆ ಮಾತ್ರ ಕಾಲುಚೀಲ.

ಹತ್ತೊಂಬತ್ತು ವರ್ಷ ಅವನು ಕರೆಯುತ್ತಿದ್ದದ್ದು ಎಲ್ಡೋರಕ್ಕನನ್ನು. ಅವನ ಜಾಗಕ್ಕೆ ನನ್ನ ಹೆಸರು ಬಂತು. ಆಕೆ ಎತ್ತಲೇ ಇಲ್ಲ. ದಿನವೂ ಹಿಮ ತುಳಿದು ಹೋಗಿ ತಟ್ಟುತ್ತಿದ್ದೆ. ಒಲೆ ತಣ್ಣಗೆ, ಆಕೆ ರಾತ್ರಿಯ ಗೌನಿನಲ್ಲೇ ಫೋನಿನ ಎದುರು.

"ಥೋರ್ವಾಲ್ಡ್ ಕರೀಲಿ, ಎತ್ತೀನಿ," ಎಂದಳು.

ತಿಂಗಳ ಕೊನೆಗೂ ಹೀಗೇ ಇದ್ದರೆ ಪಟ್ಟಣದ ವೃದ್ಧಾಶ್ರಮವೇ ಗತಿ ಎಂದು ನರ್ಸ್ ಹೇಳಿಹೋದಳು.

ನಾನು ನಿವೃತ್ತ ಮೇಷ್ಟ್ರು. ಇನ್ಸ್‌ಪೆಕ್ಟರಿನಿಂದ ಹಿಡಿದು ಪಾದ್ರಿಯವರೆಗೆ ಯಾರ ದನಿಯನ್ನೂ ಅಣಕಿಸದೆ ಬಿಟ್ಟವನಲ್ಲ. ನಾಳೆ ಒಂದೇ ಒಂದು ಸಲ ಎತ್ತಿ ನೋಡು ಎಂದು ಅವಳಿಗೆ ಹೇಳಿ ಬಂದೆ. ಮರುದಿನ ಏಳಕ್ಕೆ ಅವಳು ಎತ್ತುತ್ತಲೇ ಥೋರ್ವಾಲ್ಡನಂತೆ ಎರಡು ಸಲ ಕೆಮ್ಮಿ, ಗಂಟಲು ಹಿಂಡಿ, "ಎದ್ದಿದ್ದೀಯೇನೇ, ಗೂಬೆ?" ಎಂದೆ.

ಆ ಕಡೆ ಕುರ್ಚಿ ಕಿರುಗುಟ್ಟಿತು.

"ಎದ್ದಿದ್ದೀನಿ ಕಣೋ."

ಒಂಬತ್ತಕ್ಕೆ ಅವಳ ಮನೆಯ ಚಿಮಣಿಯಲ್ಲಿ ಹೊಗೆ. ವಾರದೊಳಗೆ ಇಸ್ಪೀಟಿಗೆ ಬಂದಳು, ಎರಡಾಟ ಗೆದ್ದಳು. ತಿಂಗಳ ಕೊನೆಗೆ ನರ್ಸ್ ಬಂದು, ತಂದ ಅರ್ಜಿಯನ್ನು ಹಾಗೇ ಚೀಲಕ್ಕೆ ಹಾಕಿಕೊಂಡಳು.

ಆದರೆ ಅವಳ ಮೇಜಿನ ಮೇಲೆ, ಒಂದು ಥೋರ್ವಾಲ್ಡನಿಗೆ ಎಂಬಂತೆ, ಎರಡು ಕಾಫಿ ಲೋಟ ಕಂಡ ದಿನದಿಂದ ನನಗೆ ನಿದ್ದೆ ಹತ್ತಲಿಲ್ಲ. ಒಂದು ಭಾನುವಾರ ಹೋಗಿ ಬಾಯಿಬಿಟ್ಟೆ.

"ಎಲ್ಡೋರಕ್ಕ, ಆ ಫೋನು..."

"ನೀವೇ ಅಂತ ಮೊದಲ್ನೇ ದಿನಾನೇ ಗೊತ್ತು ಮೇಷ್ಟ್ರೇ. ನೀವು ಕೆಮ್ಮಿ ಕೇಳ್ತೀರಿ. ಅವನು ಕೇಳಿ ಕೆಮ್ಮೋನು."

"ಮತ್ತೆ ಎತ್ತಿದ್ಯಾಕೆ?"

"ನನಗೋಸ್ಕರ ಇಷ್ಟು ಕೆಟ್ಟದಾಗಿ ಕೆಮ್ಮೋರು ಇನ್ಯಾರಿದ್ದಾರೆ? ನಾನು ಎತ್ತದೆ ನೀವು ದಿನಾ ಬಂದು ಹಿಮದಲ್ಲಿ ಬಿದ್ದು ಸೊಂಟ ಮುರ್ಕೊಂಡ್ರೆ ನಿಮ್ಮನ್ನ ನೋಡ್ಕೊಳ್ಳೋರು ಯಾರು? ಹೇಳ್ಬೇಕು ಅಂದ್ರೆ, ಮೊನ್ನೆ ಗುರುವಾರ ಸರಿಯಾಗಿ ಮಾಡಿದ್ರಿ. ಕೇಳಿ, ಆಮೇಲೆ ಕೆಮ್ಮಿದ್ರಿ."

ಬುಧವಾರವೇ ನಾನು ಕಣ್ಣಿನ ಪೊರೆ ತೆಗೆಸಲು ಪಟ್ಟಣಕ್ಕೆ ಹೋಗಿ ಶುಕ್ರವಾರ ಮರಳಿದ್ದೆ. ಅವಳಿಗೆ ಫೋನ್ ಮಾಡಲು ಯಾರಿಗೂ ಹೇಳಿರಲಿಲ್ಲ, ಮರೆತಿದ್ದೆ.

"ಗುರುವಾರ ನಾನು ಮಾಡ್ಲಿಲ್ಲ ಅಕ್ಕ."

ಅವಳ ಲೋಟ ಬಾಯಿಯ ಹತ್ತಿರವೇ ನಿಂತಿತು. ಗೋಡೆಯ ಮೇಲಿನ ಕಪ್ಪು ಫೋನನ್ನು ಇಬ್ಬರೂ ನೋಡಿದೆವು. ಯಾರೂ ಮುಟ್ಟದ ಎರಡನೆಯ ಲೋಟದಿಂದ ಇನ್ನೂ ಹಬೆ ಏಳುತ್ತಿತ್ತು.

"ಅದಕ್ಕೇ ಮತ್ತೆ!" ಎಂದಳು. "'ಆ ಮೇಷ್ಟ್ರಿಗೆ ಸ್ವಲ್ಪ ಕೆಮ್ಮೋದು ಕಲ್ಸು' ಅಂದ ಅವತ್ತು!"

ನಕ್ಕಳು ನೋಡಿ, ಕಪಾಟಿನ ತಟ್ಟೆಗಳು ಗಲಗಲ ಎಂದವು. ನಾನೂ ನಕ್ಕೆ, ಮೆಲ್ಲಗೆ, ಫೋನಿನಿಂದ ಕಣ್ಣು ತೆಗೆಯದೆ.